ಬೆರಳೆತ್ತಿದ ಸದ್ದು

"ಇದರಲ್ಲಿ ನನ್ನ ಬೆರಳಿಲ್ಲ."

ಗಿಟಾರ್ ಮೇಷ್ಟ್ರು ಹೆಡ್‌ಫೋನ್ ಕಳಚಿ ಮೇಜಿನ ಮೇಲಿಟ್ಟರು. ಕೋಣೆಯಲ್ಲಿದ್ದ ನಾಲ್ವರೂ ತಿರುಗಿ ನೋಡಿದರು. ಮೇಷ್ಟ್ರ ಎಡಗೈ ಪ್ಲಾಸ್ಟರಿನಲ್ಲಿತ್ತು. ಮೆಟ್ಟಿಲು ಜಾರಿ ಮಣಿಕಟ್ಟು ಮುರಿದುಕೊಂಡಿದ್ದರು ಪಾಪ, ಅದೂ ಇಲ್ಲಿನ ರೆಕಾರ್ಡಿಂಗ್ ಮುಗಿಸಿಕೊಟ್ಟ ಮಾರನೆಯ ವಾರವೇ.

"ಚೆನ್ನಾಗೇ ಇದೆಯಲ್ಲ ಮೇಷ್ಟ್ರೇ?" ಎಂದ ಸ್ಟುಡಿಯೋದ ಯಜಮಾನ. "ಈಗ ತಾನೇ ನಾನೂ ಕೇಳಿದೆ. ಒಂದೊಂದು ಸ್ವರ ಗಂಟೆ ಹೊಡೆದ ಹಾಗಿದೆ."

"ಸ್ವರ ಇದೆ ಕಣಯ್ಯ. ಮುಗಿಯೋ ರೀತಿಯಲ್ಲಿ ಮುಗಿಯೋದಿಲ್ಲ. ಕತ್ತು ಹಿಸುಕಿದ ಹಾಗೆ ನಿಂತುಹೋಗುತ್ತೆ. ತಂತಿ ಮೇಲಿಂದ ಬೆರಳೆತ್ತಿದಾಗ ಒಂದು ಸದ್ದಾಗುತ್ತಲ್ಲ—ಅದೆಲ್ಲಿ? ಸಾಲದ್ದಕ್ಕೆ ಅಲ್ಲಲ್ಲಿ ಧಪ್ ಧಪ್ ಅಂತ ಯಾರೋ ಬಾಗಿಲು ಗುದ್ದುತ್ತಾರೆ. ನಾನು ನುಡಿಸಿದ್ದು ಗಿಟಾರು. ಬಾಗಿಲಲ್ಲ."

ಮೂಲೆಯ ಸೋಫಾದಲ್ಲಿ ಕೂತಿದ್ದ ಅಕ್ಕ ಕಾಫಿ ಲೋಟ ಕೆಳಗಿಟ್ಟಳು. ಯಜಮಾನ ಅವಳ ಒಡಹುಟ್ಟಿದ ತಮ್ಮ. "ನನ್ನ ಗಿಟಾರು ಲೋಕ ನೋಡೋಕೆ ಹೊರಡ್ತಿದೆ, ಬಾ" ಎಂದು ಕರೆದಿದ್ದಕ್ಕೆ ಬಂದವಳು. ಸಂಭ್ರಮ ನೋಡಲು ಬಂದರೆ ಸೂತಕದ ಮನೆ ಸಿಕ್ಕಿತು.

ಅಲ್ಲಿ ನಡೆಯುವ ಕೆಲಸ ಅವಳಿಗೆ ಗೊತ್ತಿದ್ದದ್ದು ಇಷ್ಟು. ಸಿನಿಮಾಕ್ಕೋ ಜಾಹೀರಾತಿಗೋ ಸಂಗೀತ ಕಟ್ಟುವವರು ಕೀಬೋರ್ಡಿನ ಮುಂದೆ ಕೂತು ಒಂದು ಕೀ ಒತ್ತಿದರೆ, ಕಂಪ್ಯೂಟರಿನೊಳಗಿಂದ ಗಿಟಾರ್ ನುಡಿಯಬೇಕು. ಅದಕ್ಕಾಗಿ ಯಾರಾದರೂ ನಿಜವಾದ ಗಿಟಾರನ್ನು ತಂತಿ ತಂತಿಯಾಗಿ, ಮೆಲ್ಲಗೆ, ಜೋರಾಗಿ ನುಡಿಸಬೇಕು. ನುಡಿಸಿದ್ದನ್ನು ಚೂರು ಚೂರಾಗಿ ಕತ್ತರಿಸಿ ಜೋಡಿಸಬೇಕು. ಮೀಟಿದ ಸದ್ದು ಮಾತ್ರವಲ್ಲ, ಬೆರಳೆತ್ತಿದ ಸದ್ದೂ ಬೇಕು. ಒತ್ತಿದ ಕೀ ಬಿಟ್ಟಾಗ ಆ ಚೂರು ಕೇಳಿಸಬೇಕು. ಅದಕ್ಕೆ ಇವರು ರಿಲೀಸ್ ಅನ್ನುತ್ತಾರೆ. ಅದಿಲ್ಲದ ಗಿಟಾರು ಆಟಿಕೆ. ಅದಿದ್ದರೆ ಕೇಳುವವನ ಎದುರಿಗೆ ಒಬ್ಬ ಮನುಷ್ಯ ಬಂದು ಕೂತ ಹಾಗೆ. ತಮ್ಮ ಈ ಮಾತನ್ನು ಅವಳಿಗೆ ಹತ್ತಾರು ಸಲ ಹೇಳಿದ್ದ.

ಕಂಪ್ಯೂಟರಿನ ಮುಂದಿದ್ದವನು ಸರಸರನೆ ಏನೋ ತೆರೆದ. ಚೂರುಗಳನ್ನೆಲ್ಲ ಜೋಡಿಸಿ ಕೀಬೋರ್ಡಿಗೆ ಕಟ್ಟುವ ಪ್ರೋಗ್ರಾಮರ್ ಅವನು. ಎಲ್ಲದಕ್ಕೂ ಲೆಕ್ಕ ಹೇಳುತ್ತಾನೆಂದು ಗಣಿತ ಎಂದೇ ಹೆಸರು.

"ಸರ್... ರಿಲೀಸ್ ಫೋಲ್ಡರಲ್ಲಿ ಸಾವಿರಗಟ್ಟಲೆ ಚೂರು ಇರಬೇಕಿತ್ತು. ಅರ್ಧವೂ ಉಳಿದಿಲ್ಲ."

"ಏನಂದೆ?"

"ದಪ್ಪ ತಂತಿಗಳದ್ದಷ್ಟೇ ಇದೆ ಸರ್. ತೆಳು ತಂತಿಗಳದ್ದಂತೂ ಹೆಚ್ಚುಕಮ್ಮಿ ಪೂರ್ತಿ ಹೋಗಿದೆ."

ತಮ್ಮನ ಮುಖ ಕೆಂಪೇರಿತು. ಅವನು ಗಣಿತನ ಕಡೆ ನೋಡಲಿಲ್ಲ, ಮೇಷ್ಟ್ರ ಕಡೆಯೂ ನೋಡಲಿಲ್ಲ. ನೇರವಾಗಿ ಕಿಟಕಿಯ ಪಕ್ಕ ನಿಂತಿದ್ದ ಹುಡುಗಿಯ ಕಡೆ ತಿರುಗಿದ. ಸದ್ದು ಕತ್ತರಿಸುವುದು ಅವಳ ಕೆಲಸ. ಹೆಸರು ಹಿಡಿದು ಯಾರೂ ಕರೆಯರು. ಕತ್ತರಿ ಎಂದರೆ ಅವಳೇ.

"ನಾನು ಮುಟ್ಟಿಲ್ಲ ಸರ್," ಎಂದಳು ಅವಳು.

"ಬಾಯೊಳಗೇ ಗೊಣಗಬೇಡ! ಇರೋದನ್ನ ಗಟ್ಟಿಯಾಗಿ ಹೇಳು!"

"ನಾನು ಮುಟ್ಟಿಲ್ಲ—"

"ನೋಡಿದ್ಯಾ ಅಕ್ಕಾ? ಯಾವಾಗಲೂ ಹೀಗೇ. ನಾನು ಒಳಗೆ ಬಂದ ತಕ್ಷಣ ಇವರದ್ದು ಪಿಸುಪಿಸು ಶುರು. ಬೇರೆ ಸ್ಟುಡಿಯೋದವರು ಇವಳನ್ನ ಕರೀತಿದ್ದಾರೆ, ನಂಗೊತ್ತಿಲ್ವಾ? ಹೋಗೋಳು ಬರಿಗೈಲಿ ಯಾಕೆ ಹೋಗಬೇಕು ಅಂತ ಬಾಚಿಕೊಂಡಿದ್ದಾಳೆ. ಪೊಲೀಸಿಗೆ ಫೋನ್ ಮಾಡ್ತೀನಿ. ಈ ಊರಲ್ಲಿ ಇನ್ನೊಂದು ಸ್ಟುಡಿಯೋ ಇವಳನ್ನ ಬಾಗಿಲೊಳಗೆ ಬಿಡಬಾರದು!"

ಕತ್ತರಿಯದ್ದು ಹೆಸರಿನ ಮೇಲೆ ನಡೆಯುವ ಕಸುಬು. ಸ್ಟುಡಿಯೋಗಳು ಬೆರಳೆಣಿಕೆಯಷ್ಟು, ಎಲ್ಲರಿಗೂ ಎಲ್ಲರೂ ಗೊತ್ತು. ಒಬ್ಬ ಯಜಮಾನ ಕಳ್ಳಿ ಎಂದರೆ ಮುಗಿಯಿತು. ಆಮೇಲೆ ಊರೆಲ್ಲ ತಿರುಗಿ ಅಲ್ಲ ಎಂದರೂ ಕೇಳುವವರಿಲ್ಲ.

ಅಕ್ಕ ಎದ್ದಳು. ವಿಮಾ ಕಂಪನಿಯೊಂದರಲ್ಲಿ ಸುಳ್ಳು ಕ್ಲೇಮುಗಳನ್ನು ಪತ್ತೆ ಹಚ್ಚುತ್ತಾ ಕೂದಲು ಬಿಳಿ ಮಾಡಿಕೊಂಡು ನಿವೃತ್ತಳಾದವಳು. ಸುಟ್ಟ ಗೋದಾಮು, ಮುಳುಗಿದ ಲಾರಿ, ಕಳೆದುಹೋದ ಒಡವೆ—ಎಲ್ಲದರ ಬುಡ ನೋಡಿದವಳು.

"ಶನಿವಾರದವರೆಗೆ ಫೋನು ಮುಟ್ಟಬೇಡ," ಎಂದಳು ತಮ್ಮನಿಗೆ. "ಅಷ್ಟರೊಳಗೆ ಯಾರು ಅಂತ ನಾನು ಹೇಳ್ತೀನಿ. ತೀರ್ಪು ಮೊದಲು, ವಿಚಾರಣೆ ಆಮೇಲೆ ಅನ್ನೋದು ನಮ್ಮಪ್ಪನ ಕಾಲಕ್ಕೇ ಸಾಕು."

---

ಮೊದಲು ತಮ್ಮನನ್ನೇ ಕೂರಿಸಿಕೊಂಡಳು. ಅವನ ಕೋಣೆಯ ಗೋಡೆಗೆಲ್ಲ ದಪ್ಪ ಸ್ಪಂಜು ಬಡಿದಿತ್ತು. ಒಳಗೆ ಹೋದರೆ ಸ್ವಂತ ಉಸಿರು ಕೇಳಿಸುವಷ್ಟು ನಿಶ್ಶಬ್ದ.

"ಇನ್ನೊಂದು ಪ್ರತಿ ಇಟ್ಟಿಲ್ವೇನೋ?"

"ಇದೆ. ಆದ್ರೆ ಇದರಲ್ಲಿ ಅಳಿಸಿದ್ರೆ ಅದರಲ್ಲೂ ತಾನಾಗೇ ಅಳಿಸಿಹೋಗುತ್ತೆ. ಗಣಿತನ ಬುದ್ಧಿವಂತಿಕೆ."

"ಕತ್ತರಿಸೋಕೆ ಮುಂಚಿನ ಉದ್ದದ ರೆಕಾರ್ಡಿಂಗು?"

"ಕೆಲಸ ಮುಗಿದ ಮೇಲೆ ಅಳಿಸಿಬಿಡ್ತೀವಿ. ಜಾಗ ಸಾಲಲ್ಲ. ಅಳಿಸಿದ್ದು ಯಾರು ಹೇಳು? ಅವಳೇ!"

"ಅಳಿಸು ಅಂದಿದ್ದು ಯಾರು?"

"ನಾನೇ. ಪದ್ಧತಿ ಅದು."

"ಸರಿ. ಚೂರುಗಳನ್ನ ಕೊನೆಗೆ ನೋಡಿದ್ದು ಯಾರು?"

"ನೋಡೋದು ಅಂತಿಲ್ಲ ಅಕ್ಕ, ಕೇಳೋದು." ಅವನ ದನಿಯಲ್ಲಿ ಹಳೆಯ ಹೆಮ್ಮೆ ಇಣುಕಿತು. "ಎಲ್ಲಾ ಮುಗಿದ ಮೇಲೆ ನಾನೊಬ್ಬನೇ ಇಲ್ಲಿ ಕೂತು ಒಂದೊಂದು ಚೂರೂ ಕೇಳ್ತೀನಿ. ಪರದೆ ಆರಿಸಿ, ಕಣ್ಣು ಮುಚ್ಚಿ. ಪರದೆ ಮೇಲೆ ಸದ್ದಿನ ಗೆರೆ ನೋಡಿ ಕೆಲಸ ಮಾಡೋನು ನಾನಲ್ಲ. ಕಣ್ಣು ಕಿವಿಗೆ ಸುಳ್ಳು ಹೇಳುತ್ತೆ. ಎಡಗಡೆ ಕೀ ಒತ್ತಿದ್ರೆ ಇರಲಿ, ಬಲಗಡೆ ಒತ್ತಿದ್ರೆ ಕಸ. ಈ ಸಲವೂ ಎಂದಿನ ಹಾಗೆ ಕಸ ಗುಡಿಸಿದೆ. ನಮ್ಮಲ್ಲಿ ಅದಕ್ಕೆ ಕೊನೆಯ ಕೇಳಿಕೆ ಅಂತಾರೆ."

"ಕೊನೆಯ ಕೇಳಿಕೆ ಆದ ಮೇಲೆ?"

"ಗಣಿತ ತಗೊಂಡು ಕೀಬೋರ್ಡಿಗೆ ಕಟ್ಟಿದ. ಆ ನಡುವೆಯೇ ಏನೋ ಆಗಿದೆ."

ಎಲ್ಲೋ ಟೀಂ ಟೀಂ ಎಂದು ಸಣ್ಣಗೆ ಸದ್ದಾಗತೊಡಗಿತು. ಅಕ್ಕ ತನ್ನ ಕೈಚೀಲ ತಡಕಿದಳು. ಫೋನಲ್ಲ. ಸದ್ದು ತಮ್ಮನ ಕೈಗಡಿಯಾರದ್ದು.

"ಲೋ, ನಿನ್ನ ಗಡಿಯಾರ ಬಡ್ಕೋತಿದೆ."

"ಹಾಂ? ಓ..." ಅವನು ಗುಂಡಿ ಒತ್ತಿದ. "ಮಾತ್ರೆ ತಗೊಳ್ಳೋ ಹೊತ್ತು. ತಲೆ ಎಲ್ಲೋ ಇದೆ ಅಕ್ಕ."

ತಲೆ ಎಲ್ಲೋ ಇರುವುದು ಸಹಜವೇ ಎಂದು ಅಕ್ಕ ಅಂದುಕೊಂಡಳು. ಮೂವತ್ತು ವರ್ಷ ಹೆಡ್‌ಫೋನಿನೊಳಗೆ ಬದುಕಿದವನು. ಊರವರು ಚಿನ್ನದ ಕಿವಿ ಎಂದು ಕರೆಯುತ್ತಿದ್ದ ತಮ್ಮ. ಅವನ ಮೊದಲ ದೊಡ್ಡ ಕೆಲಸ ಇದು. ಮುಂದಿನ ವಾರ ಗಿರಾಕಿಗೆ ಒಪ್ಪಿಸಬೇಕು, ನುಡಿಸಿದವರ ಕೈ ಮುರಿದಿದೆ. ಅವನ ಮೇಲೆ ಅವಳಿಗೆ ಕರುಣೆ ಉಕ್ಕಿತು.

---

ಗಣಿತ ಕೇಳುವ ಮೊದಲೇ ಉತ್ತರ ಕೊಡುವ ಪೈಕಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ.

"ನಾನು ಅಳಿಸಿಲ್ಲ ಮೇಡಂ! ರಿಲೀಸ್ ದಂಡ ಅಂತ ನಾನು ಹೇಳಿದ್ದು ನಿಜ. ಅದರಿಂದ ಗಿಟಾರಿನ ತೂಕ ಎರಡರಷ್ಟಾಯ್ತು, ಕಂಪ್ಯೂಟರು ಏದುಸಿರು ಬಿಡುತ್ತೆ. ಹಾಗಂತ..."

"ಹಾಗಂತ ನಿನಗೆ ಅದು ಬೇಡವಾಗಿತ್ತು."

"ಬೇಡ ಅಂತಲ್ಲ... ಕಮ್ಮಿ ಇರಲಿ ಅಂದೆ. ಅಷ್ಟಕ್ಕೇ ಸರ್ ನನ್ನನ್ನ ಕಿವುಡ ಅಂತ ಬೈದ್ರು."

"ಕೈಗೆ ಬಂದಾಗ ಚೂರು ಕಮ್ಮಿ ಇದೆ ಅಂತ ಗೊತ್ತಾಗಲಿಲ್ವಾ?"

ಗಣಿತ ತಲೆ ತಗ್ಗಿಸಿದ. "ಕಟ್ಟೋದು ನನ್ನ ಪ್ರೋಗ್ರಾಮು ಮೇಡಂ. ಇದ್ದಿದ್ದನ್ನ ಕಟ್ಟುತ್ತೆ, ಇಲ್ಲದ ಕಡೆ ಸುಮ್ಮನಿರುತ್ತೆ. ಕೊನೆಯ ಕೇಳಿಕೆ ಆದದ್ದನ್ನ ನಾನು ಎಣಿಸೋದಿಲ್ಲ. ಸರ್ ಕೇಳಿದ ಮೇಲೆ ಯಾರೂ ಎಣಿಸೋದಿಲ್ಲ."

"ಅಳಿಸಿದ್ದನ್ನ ವಾಪಸ್ ತರೋಕೆ ಆಗಲ್ವಾ?"

"ನೋಡಿದೆ. ಅದರ ಮೇಲೆ ಹೊಸದು ಬರೆದುಹೋಗಿದೆ."

ಮೇಷ್ಟ್ರು ಇನ್ನೊಂದು ಬಗೆ. ಅವರ ಮನೆಯ ಜಗಲಿಯಲ್ಲಿ ಗಿಟಾರುಗಳು ಗೋಡೆಗೊರಗಿ ನಿಂತಿದ್ದವು. ಕಲಿಯುವವರು ಯಾರೂ ಇರಲಿಲ್ಲ.

"ನನಗೆ ಕಾರಣ ಇತ್ತಮ್ಮ, ಸುಳ್ಳು ಹೇಳಲ್ಲ," ಎಂದರು. "ನನ್ನ ಕೈಯನ್ನೇ ಡಬ್ಬಿಗೆ ತುಂಬಿ ಮಾರ್ತಾರೆ. ಆಮೇಲೆ ಗಿಟಾರ್ ಕಲಿಯೋರು ಯಾರು, ನನ್ನನ್ನ ಕರೆಯೋರು ಯಾರು? ಆದ್ರೂ ಒಪ್ಪಿಕೊಂಡೆ. ನಿಮ್ಮ ತಮ್ಮ ನನ್ನ ಹತ್ರ ಆರು ವರ್ಷ ಕಲಿತವನು. ಬೆರಳೆತ್ತೋ ಸದ್ದು ಬೇಕು ಅಂತ ಕೇಳಿದವನು ನನ್ನ ಜೀವನದಲ್ಲಿ ಅವನೊಬ್ಬನೇ. ಮೀಟೋದನ್ನ ಎಲ್ಲರೂ ಕೇಳ್ತಾರಮ್ಮ. ಬಿಡೋದನ್ನ ಕೇಳೋರು ಯಾರು?"

"ಮತ್ತೆ ಆ ಧಪ್ ಧಪ್?"

"ನನ್ನ ಹೆಬ್ಬೆರಳು. ದಣಿದಾಗ ಗಿಟಾರಿನ ಹೊಟ್ಟೆಗೆ ತಗಲುತ್ತೆ. ಅಂಥವನ್ನೆಲ್ಲ ತೆಗೆದುಹಾಕ್ತೀನಿ ಅಂದಿದ್ಲು ಕತ್ತರಿ. ನಾನು ಮತ್ತೆ ಮತ್ತೆ ನುಡಿಸಿಕೊಟ್ಟಿದ್ದೆ."

---

ಸುಟ್ಟ ಗೋದಾಮಿಗೆ ಹೋದಾಗ ಎಲ್ಲರೂ ಹೋದ ಸಾಮಾನನ್ನು ಬರೆದುಕೊಳ್ಳುತ್ತಾರೆ. ಅಕ್ಕ ಉಳಿದದ್ದನ್ನು ನೋಡುತ್ತಿದ್ದಳು. ಒಮ್ಮೆ ಒಂದು ಅಂಗಡಿ ಬೂದಿಯಾಗಿತ್ತು, ಆದರೆ ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಯಲ್ಲಿದ್ದ ಮಾಲೀಕನ ಮಗಳ ಮದುವೆ ಫೋಟೋ ಅವನ ಮನೆಯಲ್ಲಿ ಕ್ಷೇಮವಾಗಿತ್ತು. ಬೆಂಕಿ ಬೀಳುವ ಹಿಂದಿನ ದಿನ ಅದಕ್ಕೆ ಮನೆಯ ನೆನಪಾಗಿತ್ತಂತೆ!

ಅದೇ ಚಾಳಿಯಲ್ಲಿ ಅವಳು ಕತ್ತರಿಯ ಪಕ್ಕ ಕೂತಳು.

"ಉಳಿದದ್ದನ್ನ ನನಗೆ ಕೇಳಿಸು."

"ಮೇಡಂ, ನನ್ನ ಮೇಲೆ ನಿಮಗೂ—"

"ಅಕ್ಕ ಅನ್ನು. ಅನುಮಾನ ಎಲ್ಲರ ಮೇಲೂ ಇದೆ, ನನ್ನೊಬ್ಬಳ ಬಿಟ್ಟು. ಕೇಳಿಸು."

ದಪ್ಪ ತಂತಿಯ ಚೂರುಗಳು ಹಾಗೆಯೇ ಇದ್ದವು. ಬೆರಳೆದ್ದಾಗ ಗುಂಯ್ ಎಂದು ತಗ್ಗಿನ ಸದ್ದು. ತೆಳು ತಂತಿಯವು ಬೆರಳೆಣಿಕೆಯಷ್ಟೇ. ಮೊದಲನೆಯದು—ಧಪ್. ಎರಡನೆಯದು—ಧಪ್. ಮೂರನೆಯದರಲ್ಲಿ ಕುರ್ಚಿ ನರಳಿತು. ನಾಲ್ಕನೆಯದು ಮತ್ತೆ ಧಪ್. ಪರದೆಯಲ್ಲಿ ಅವುಗಳ ಪಕ್ಕದಲ್ಲೆಲ್ಲ ಒಂದೊಂದು ಕೆಂಪು ಚುಕ್ಕೆ.

"ಇದೇನು ಕೆಂಪು?"

"ಕೆಟ್ಟವು ಅಂತ ನಾನಿಟ್ಟ ಗುರುತು. ಚೂರು ಅಳಿಸೋ ಅಧಿಕಾರ ನನಗಿಲ್ಲ. ಕೊನೆಯ ಕೇಳಿಕೆಯಲ್ಲಿ ಸರ್ ತಾವೇ ಕೇಳಿ ತೆಗೀತಾರೆ."

"ಅಂದ್ರೆ... ತೆಳು ತಂತಿಯಲ್ಲಿ ಒಳ್ಳೇದೆಲ್ಲ ಹೋಗಿದೆ. ಕೆಟ್ಟದ್ದು ಮಾತ್ರ ಉಳಿದಿದೆ."

"ಹೌದು." ಕತ್ತರಿ, ತನ್ನ ಕೊರಳಿಗೆ ತಾನೇ ಹಗ್ಗ ಹಾಕಿಕೊಳ್ಳುತ್ತಿದ್ದೇನೆಂದು ಗೊತ್ತಿದ್ದೂ ಹೇಳಿದಳು. "ಆರಿಸಿದವರಿಗೆ ಒಳ್ಳೆ ಕಿವಿ ಇದೆ ಅಕ್ಕ. ಒಂದೂ ತಪ್ಪಿಲ್ಲ."

"ಇಷ್ಟು ಚೆನ್ನಾಗಿ ಆರಿಸೋರು ಇಲ್ಲಿ ಯಾರ್ಯಾರಿದ್ದಾರೆ?"

"ಸರ್ ಇದ್ದಾರೆ. ಆಮೇಲೆ ನಾನು."

"ಬೇರೆ ಸ್ಟುಡಿಯೋದವರು ಕರೆದದ್ದು ನಿಜವಾ?"

"ನಿಜ. ಹೋಗಲ್ಲ ಅಂದಿದ್ದೆ. ಕೆಲಸ ಕಲಿಸಿದ್ದು ಸರ್. ಮುಂಚೆ ಮಗಳ ಥರ ನೋಡ್ಕೋತಿದ್ರು. ಈಗೊಂದು ವರ್ಷದಿಂದ ನಾನೇನಂದ್ರೂ ರೇಗ್ತಾರೆ. ಗೊಣಗ್ತೀಯ ಅಂತಾರೆ. ನಾನು ಮುಂಚಿನ ಹಾಗೇ ಮಾತಾಡ್ತೀನಿ ಅಕ್ಕ. ನನ್ನ ದನಿ ಇರೋದೇ ಇಷ್ಟು. ಏನು ತಪ್ಪು ಮಾಡಿದೆ ಅಂತ ಒಂದಿನವೂ ಗೊತ್ತಾಗಲಿಲ್ಲ."

ಅವಳು ಅಳಲಿಲ್ಲ. ಹೆಡ್‌ಫೋನಿನ ತಂತಿಯನ್ನು ನೀಟಾಗಿ ಸುತ್ತಿ ಮೊಳೆಗೆ ತೂಗುಹಾಕಿದಳು. ಮತ್ತೆ ಅದನ್ನು ಮುಟ್ಟುವುದಿಲ್ಲವೇನೋ ಎನ್ನುವಂತೆ.

---

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಅಕ್ಕನ ಮನಸ್ಸು ಕಲಸಿಹೋಗಿತ್ತು. ಹುಡುಗಿಯ ಮುಖ ಸುಳ್ಳು ಹೇಳುವ ಮುಖವಲ್ಲ. ಆದರೆ ಮುಖ ನೋಡಿ ಮಣೆ ಹಾಕಿದ್ದರೆ ಅವಳ ಕಂಪನಿ ಎಂದೋ ದಿವಾಳಿಯಾಗುತ್ತಿತ್ತು. ಒಳ್ಳೆಯದನ್ನು ಹೆಕ್ಕಿ ಕೊಂಡುಹೋಗಿದ್ದಾರೆ. ಹೆಕ್ಕಲು ಕಿವಿ ಬೇಕು. ಕಿವಿ ಇರುವುದು ಇಬ್ಬರಿಗೆ. ಒಬ್ಬ ಕಳೆದುಕೊಂಡವನು. ಉಳಿದವಳು ಒಬ್ಬಳೇ.

ಲೆಕ್ಕ ಸರಿಯಾಗಿತ್ತು. ಅಷ್ಟೊಂದು ಸರಿಯಾಗಿದ್ದ ಲೆಕ್ಕವೆಂದರೆ ಅವಳಿಗೆ ಮೊದಲಿಂದಲೂ ಭಯ.

ಬಸ್ ನಿಂತಿತು. ರಸ್ತೆ ಬದಿಯಲ್ಲಿ ಪೌರಕಾರ್ಮಿಕಳೊಬ್ಬಳು ಗುಡಿಸುತ್ತಿದ್ದಳು. ಅವಳು ದಾಟಿದ ಕಡೆಯೆಲ್ಲ ನೆಲ ಚೊಕ್ಕಟ. ಅಕ್ಕ ಸುಮ್ಮನೆ ನೋಡುತ್ತಿದ್ದಳು. ಥಟ್ಟನೆ ಬೆನ್ನು ನೇರ ಮಾಡಿ ಕೂತಳು.

ಎಂದಿನ ಹಾಗೆ ಕಸ ಗುಡಿಸಿದೆ ಎಂದಿದ್ದ ತಮ್ಮ.

ಗುಡಿಸಿದ್ದರೆ ಕಸ ಅಲ್ಲೇ ಯಾಕಿದೆ? ಕೆಂಪು ಚುಕ್ಕೆಯ ಒಂದೊಂದು ಚೂರೂ ಇದ್ದ ಜಾಗದಲ್ಲೇ ಇತ್ತಲ್ಲ? ಕೊನೆಯ ಕೇಳಿಕೆಯಲ್ಲಿ ಹೋಗಬೇಕಾಗಿದ್ದು ಅದು. ಅದನ್ನು ಬಿಟ್ಟು ಅವನು ಗುಡಿಸಿದ್ದೇನು?

ಟೀಂ ಟೀಂ ಎಂದು ಬಡಿದುಕೊಂಡ ಗಡಿಯಾರ. ಅವನ ಮಣಿಕಟ್ಟಿನ ಮೇಲೆಯೇ. ತನಗೆ ಕೇಳಿಸಿತು. ಅವನಿಗೆ?

"ನಾನು ಮುಟ್ಟಿಲ್ಲ ಸರ್." ಕೋಣೆಯ ಆ ತುದಿಯಲ್ಲಿದ್ದ ತನಗೆ ಅಕ್ಷರಕ್ಷರ ಕೇಳಿಸಿದ ಮಾತು. ಎರಡು ಮಾರು ದೂರದಲ್ಲಿದ್ದ ಅವನಿಗೆ ಅದು ಗೊಣಗಾಟ.

"ಅಯ್ಯೋ," ಎಂದಳು ಅಕ್ಕ ಗಟ್ಟಿಯಾಗಿಯೇ. ಪಕ್ಕದವರು ತಿರುಗಿ ನೋಡಿದರು.

ಅಪ್ಪ ನೆನಪಾದ. ಕೊನೆಕೊನೆಗೆ ಕಿವಿ ಕೇಳಿಸದ ಅಪ್ಪ ಯಾರು ಏನೆಂದರೂ ನಕ್ಕು ತಲೆಯಾಡಿಸುತ್ತಿದ್ದ. ನೆಂಟರು ಅವನ ಮುಂದೆಯೇ ಅವನ ಬಗ್ಗೆ ಮಾತಾಡಿಕೊಳ್ಳುತ್ತಿದ್ದರು. ಅದನ್ನು ಕಂಡು ತಮ್ಮ ಒಂದು ಸಲ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಅತ್ತಿದ್ದ. ನನಗೆ ಹೀಗಾದರೆ ನಾನು ಬದುಕಲ್ಲ ಅಕ್ಕ ಎಂದಿದ್ದ.

ಅವಳಿಗೆ ಎರಡು ದಿನ ಊಟ ಸೇರಲಿಲ್ಲ. ಬಾಯಿ ಮುಚ್ಚಿಕೊಂಡರೆ ತಮ್ಮನ ಚಿನ್ನದ ಕಿವಿ ಉಳಿಯುತ್ತದೆ, ಹುಡುಗಿಯ ಹೆಸರು ಹೋಗುತ್ತದೆ. ಬಾಯಿಬಿಟ್ಟರೆ ಬೆನ್ನಿಗೆ ಬಿದ್ದ ತಮ್ಮನನ್ನು ತಾನೇ ನಾಲ್ಕು ಜನರ ನಡುವೆ ನಿಲ್ಲಿಸಿದಂತೆ. ಗುಟ್ಟಾಗಿ ಹೇಳಬಹುದು. ಹೇಳಿದರೆ ಅವನು ನಂಬುತ್ತಾನೆಯೇ? ಕಿವಿಯ ಬಗ್ಗೆ ಅವನಿಗೆ ಯಾರು ಹೇಳಿಯಾರು?

ಕಡೆಗೆ ಅವಳು ಒಂದು ಮಾತಿಗೆ ನಿಂತಳು. ನಾಲ್ಕು ಜನರ ಮುಂದೆ ಹೊರಿಸಿದ ಅಪವಾದ ನಾಲ್ಕು ಜನರ ಮುಂದೆಯೇ ಇಳಿಯಬೇಕು. ಶುಕ್ರವಾರ ಸಂಜೆ ಮೇಷ್ಟ್ರ ಮನೆಗೆ ಮತ್ತೆ ಹೋದಳು.

---

ಶನಿವಾರ ಬೆಳಗ್ಗೆ ಎಲ್ಲರೂ ಸ್ಪಂಜಿನ ಕೋಣೆಯಲ್ಲಿದ್ದರು. ತಮ್ಮ ತನ್ನ ಕುರ್ಚಿಯಲ್ಲಿ ಕೂತಿದ್ದ. ಅವನ ಬೆನ್ನ ಹಿಂದೆ ಮೇಷ್ಟ್ರು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಅವರ ಬಲ ಅಂಗೈ ತಂತಿಗಳ ಮೇಲೆ ಒರಗಿತ್ತು, ಅವು ನುಡಿಯದಿರಲೆಂದು. ಮುರಿದ ಎಡಗೈಯ ಬದಲು ಕತ್ತರಿಯ ಬೆರಳು.

"ಕಳ್ಳ ಯಾರು ಅಂತ ಹೇಳ್ತೀನಿ ಅಂದೆ. ಇದೇನು ಆಟ?" ಎಂದ ತಮ್ಮ.

"ಐದು ನಿಮಿಷ. ಕದ್ದವರಿಗೆ ಕಿವಿ ಎಂಥದಿತ್ತು ಅಂತ ನೋಡಬೇಕು. ಮೀಟೋದಿಲ್ಲ, ಬೆರಳೆತ್ತೋದು ಮಾತ್ರ. ನೀನು ಕೊನೆಯ ಕೇಳಿಕೆಗೆ ಕೂರೋ ಹಾಗೆ ಕಣ್ಣು ಮುಚ್ಚಿ ಕೂರು. ಸದ್ದು ಕೇಳಿಸಿದ ಕೂಡಲೇ ಕೈ ಎತ್ತು. ಗಣಿತನೂ ಎತ್ತಲಿ, ನಾನೂ ಎತ್ತುತ್ತೀನಿ."

ತಮ್ಮ ಕಣ್ಣು ಮುಚ್ಚಿದ.

ದಪ್ಪ ತಂತಿ. ಕತ್ತರಿ ಬೆರಳೊತ್ತಿ ಎತ್ತಿದಳು. ಗುಂಯ್. ಮೂರು ಕೈ ಎದ್ದವು. ಎಲ್ಲರಿಗಿಂತ ಮೊದಲು ತಮ್ಮನದು. ಅವನ ತುಟಿಯಲ್ಲಿ ಸಣ್ಣ ನಗು ಬಂತು.

ತೆಳು ತಂತಿ. ಟಿಕ್. ಚರ್ಮ ಲೋಹವನ್ನು ಬಿಟ್ಟ ಸಣ್ಣ ಸಿಳ್ಳಿನಂಥ ಸದ್ದು. ಗಣಿತನ ಕೈ ಎದ್ದಿತು. ಅಕ್ಕನ ಕೈ ಎದ್ದಿತು.

ತಮ್ಮನ ಕೈ ತೊಡೆಯ ಮೇಲಿತ್ತು.

ಇನ್ನೊಂದು. ಟಿಕ್. ಎರಡು ಕೈ.

ಗಿಟಾರಿನ ಕತ್ತಿನ ಮೇಲಿನ ಮತ್ತೊಂದು ಪಟ್ಟಿ, ಮತ್ತೊಂದು ಫ್ರೆಟ್. ಮತ್ತೊಂದು. ಗಣಿತ ಬಾಯಿ ತೆರೆದವನು ಹಾಗೇ ಉಳಿದ.

"ಯಾಕೆ ಸುಮ್ಮನಾದ್ರಿ?" ಎಂದ ತಮ್ಮ, ಕಣ್ಣು ಮುಚ್ಚಿಕೊಂಡೇ. "ತೆಳು ತಂತಿ ಶುರು ಮಾಡಿ."

ಅಕ್ಕ ಮೇಷ್ಟ್ರ ಕಡೆ ನೋಡಿದಳು. ಮೇಷ್ಟ್ರು ಒಲ್ಲದ ಮನಸ್ಸಿನಿಂದ ಹೆಬ್ಬೆರಳಿನಿಂದ ಗಿಟಾರಿನ ಹೊಟ್ಟೆಗೆ ಒಂದು ಸಲ ತಟ್ಟಿದರು. ಧಪ್.

ತಮ್ಮ ಥಟ್ಟನೆ ಕೈ ಎತ್ತಿದ. "ಹಾಂ, ಇದು! ಬೆರಳೆದ್ದಿದ್ದು ಎಷ್ಟು ಚೆನ್ನಾಗಿ ಬಂತು ನೋಡಿ!"

ಅವನು ಕಣ್ಣು ತೆರೆದು ತಿರುಗಿದ. ನಾಲ್ವರ ಮುಖ ನೋಡಿದ. ಎತ್ತಿದ ಕೈ ಮೆಲ್ಲಗೆ ಕೆಳಗಿಳಿಯಿತು.

"ಏನಾಯ್ತು? ಯಾಕೆ ಹೀಗೆ ನೋಡ್ತಿದ್ದೀರಿ?"

ಅಕ್ಕ ಕುರ್ಚಿ ಎಳೆದುಕೊಂಡು ಅವನ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು.

"ಕದ್ದವರು ಯಾರೂ ಇಲ್ಲ ಕಣೋ. ಎಸೆದವನಿದ್ದಾನೆ. ನೀನು."

"ನಾನಾ? ತಲೆ ಕೆಟ್ಟಿದ್ಯಾ ನಿಂಗೆ?"

"ಮೊದಲ ದಿನವೇ ನೀನೇ ಹೇಳಿದ್ದೆ, ಕಸ ಗುಡಿಸಿದೆ ಅಂತ. ಎಷ್ಟು ಗುಡಿಸಿದೆ?"

"ಈ ಸಲ ಜಾಸ್ತಿನೇ ಇತ್ತು. ಖಾಲಿ ಚೂರು. ಒಂದರ ಹಿಂದೆ ಒಂದು ಖಾಲಿ. ಇವಳು ಅಸಡ್ಡೆಯಿಂದ ಕತ್ತರಿಸಿ ಖಾಲಿಯನ್ನೆಲ್ಲ ತುಂಬಿಟ್ಟಿದ್ದಾಳೆ ಅಂದುಕೊಂಡೆ. ಒಳ್ಳೆಯವು ಬೇರೆ ಕಡೆ ಇರುತ್ತೆ ಅಂತ..." ಅವನ ಮಾತು ಅಲ್ಲೇ ತುಂಡಾಯಿತು.

"ಖಾಲಿ ಇರಲಿಲ್ಲ. ನಿನಗೆ ಕೇಳಿಸಲಿಲ್ಲ. ಎಲ್ಲರೂ ಅಂದಿದ್ದು, ಒಳ್ಳೇದನ್ನ ಆರಿಸಿ ತಗೊಂಡು ಹೋಗಿದ್ದಾರೆ, ಭಲೇ ಕಿವಿ ಇರೋರ ಕೆಲಸ ಅಂತ. ನಾನೂ ಹಾಗೇ ತಿಳಿದೆ. ಉಳಿದದ್ದು ಏನು ಅಂತ ಸರಿಯಾಗಿ ನೋಡಲಿಲ್ಲ. ಉಳಿದದ್ದೆಲ್ಲ ತಗ್ಗಿನ ಸದ್ದು. ದಪ್ಪ ತಂತಿ, ಹೆಬ್ಬೆರಳಿನ ಏಟು, ಕುರ್ಚಿಯ ನರಳಾಟ. ಆ ಧಪ್ ಅನ್ನೋದನ್ನೇ ನೀನು ಬೆರಳೆತ್ತಿದ ಸದ್ದು ಅಂತ ಇಟ್ಟುಕೊಂಡೆ, ಈಗ ಇಟ್ಟುಕೊಂಡ ಹಾಗೆ. ಪರದೆ ಹಾಕಿಕೊಂಡಿದ್ರೆ ಗೆರೆ ಕಾಣ್ತಿತ್ತು, ಕೆಂಪು ಚುಕ್ಕೆ ಕಾಣ್ತಿತ್ತು. ನೀನು ಕಣ್ಣು ನಂಬೋನಲ್ಲ. ನೀನು ಕೇಳಿದ ಮೇಲೆ ಬೇರೆಯವರೂ ನೋಡೋದಿಲ್ಲ. ಅಷ್ಟು ನಂಬಿಕೆ ನಿನ್ನ ಮೇಲೆ."

"ನನ್ನ ಕಿವಿ..."

"ನಿನ್ನ ಕೈಗಡಿಯಾರದ ಸದ್ದು ನಿನಗೆ ಕೇಳಿಸೋದಿಲ್ಲ. ಈ ಹುಡುಗಿ ಗೊಣಗ್ತಾಳೆ ಅಂತ ಒಂದು ವರ್ಷದಿಂದ ಬೈತಿದ್ದೀಯ. ನನಗೆ ಅವಳ ಮಾತು ಸ್ಪಷ್ಟವಾಗಿ ಕೇಳಿಸುತ್ತೆ, ನಿನಗಿಂತ ಏಳು ವರ್ಷ ದೊಡ್ಡವಳಿಗೆ. ಅವರು ಪಿಸುಗುಟ್ಟೋದಿಲ್ಲ ಕಣೋ. ಮಾಮೂಲಿ ಮಾತಾಡ್ತಾರೆ. ಅಪ್ಪನಿಗೂ ಹೀಗೇ ಶುರುವಾಗಿದ್ದು."

ತಮ್ಮ ಎರಡು ಕೈಯಿಂದ ಕಿವಿ ಮುಚ್ಚಿಕೊಂಡ. ಮತ್ತೆ ತೆಗೆದ. ವ್ಯತ್ಯಾಸ ಏನಾದರೂ ಇದೆಯೇ ಎಂದು ನೋಡುವವನಂತೆ. ಸುಳ್ಳು ಕ್ಲೇಮು ಹಿಡಿದ ದಿನ ಅಕ್ಕ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದಳು. ಈ ಕೇಸು ಗೆದ್ದದ್ದಕ್ಕೆ ಮಾತ್ರ ತನ್ನ ಮೇಲೇ ಅಸಹ್ಯವಾಯಿತು.

"ಸ್ವಲ್ಪ ಅನುಮಾನ ಇತ್ತು," ಎಂದ ತಮ್ಮ. "ಫೋನಲ್ಲಿ ಮಾತು ಕಲಸಿದ ಹಾಗೆ ಕೇಳಿಸ್ತಿತ್ತು. ಫೋನೇ ಸರಿಯಿಲ್ಲ ಅಂತ ಎರಡು ಫೋನ್ ಬದಲಾಯಿಸಿದೆ. ಡಾಕ್ಟರ ಹತ್ರ ಹೋಗೋಕೆ ಧೈರ್ಯ ಬರಲಿಲ್ಲ." ಅವನು ಕತ್ತರಿಯ ಕಡೆ ತಿರುಗಿದ. ಕಣ್ಣೆತ್ತಿ ನೋಡಲು ಅವನಿಗೆ ಆಗಲಿಲ್ಲ. "ಕಳ್ಳಿ ಅಂದೆ ನಿನ್ನನ್ನ. ತಪ್ಪಾಯ್ತಮ್ಮ. ಇವರೆಲ್ಲರ ಮುಂದೆ 'ತಪ್ಪಾಯ್ತು' ಅಂತಿದ್ದೀನಿ."

ಕತ್ತರಿ ಅವನ ಎದುರಿಗೆ ಬಂದು ನಿಂತಳು. ಅವನು ತನ್ನ ತುಟಿ ನೋಡುವವರೆಗೆ ಕಾದಳು.

"ನಾನು ಗೊಣಗ್ತಿರಲಿಲ್ಲ ಸರ್," ಎಂದಳು, ಒಂದೊಂದೇ ಮಾತು ಬಿಡಿಸಿ.

"ಗೊತ್ತಾಯ್ತು."

"ಕೇಳಿಸ್ತಾ?"

"ಕೇಳಿಸ್ತು." ಅವನ ಕಣ್ಣಲ್ಲಿ ನೀರು ತುಂಬಿತು. "ಇನ್ನು ಮೇಲೆ ಕೊನೆಯ ಕೇಳಿಕೆ ನಿನ್ನದು."

ಒಂದು ವರ್ಷದ ನೋವು ಒಂದು ಮಾತಿಗೆ ಇಳಿಯುವಂಥದಲ್ಲ. ಆದರೆ ಕತ್ತರಿ ಗೋಡೆಯ ಮೊಳೆಯಿಂದ ಹೆಡ್‌ಫೋನ್ ತೆಗೆದುಕೊಂಡಳು.

"ಕೇಳಿಕೆ ಇರಲಿ, ಕೇಳೋಕೆ ಏನಿದೆ ಈಗ?" ಎಂದ ಗಣಿತ. "ಮತ್ತೆ ರೆಕಾರ್ಡ್ ಮಾಡೋಣ ಅಂದ್ರೆ ಮೇಷ್ಟ್ರ ಎಡಗೈ..."

"ನನ್ನದು ಮುರಿದಿದೆ," ಎಂದರು ಮೇಷ್ಟ್ರು. "ಇವನದ್ದು ಗಟ್ಟಿಯಾಗೇ ಇದೆಯಲ್ಲ? ಆರು ವರ್ಷ ಆ ಕೈಗೆ ನಾನೇ ಕಲಿಸಿದ್ದೀನಿ. ನಾನು ಮೀಟ್ತೀನಿ, ಇವನು ಬೆರಳೆತ್ತಲಿ."

ತಮ್ಮ ಅವರನ್ನೇ ದಿಟ್ಟಿಸಿದ. "ಮೇಷ್ಟ್ರೇ, ನನಗೆ ಕೇಳಿಸದ ಸದ್ದನ್ನ ನಾನು ಹೇಗೆ ಮಾಡಲಿ?"

"ಕೇಳೋದು ಅವಳ ಕೆಲಸ. ನೀನು ಎತ್ತು."

"ಅದರಲ್ಲಿ ನಿಮ್ಮ ಬೆರಳಿರೋದಿಲ್ಲ."

"ನಾನು ಕಲಿಸಿದ ಬೆರಳಿರುತ್ತೆ. ನಡಿ."

ಮೈಕು ಇಟ್ಟರು. ಕತ್ತರಿ ಗಾಜಿನ ಆಚೆಯ ಕೋಣೆಗೆ ಹೋಗಿ ಹೆಡ್‌ಫೋನ್ ಹಾಕಿಕೊಂಡಳು. ಮೇಷ್ಟ್ರು ಒಂದು ಕುರ್ಚಿಯಲ್ಲಿ, ತಮ್ಮ ಅವರ ಪಕ್ಕದಲ್ಲಿ, ಇಬ್ಬರ ನಡುವೆ ಒಂದು ಗಿಟಾರು. ಅಕ್ಕ ಬಾಗಿಲ ಬಳಿ ನಿಂತಳು.

ಮೇಷ್ಟ್ರು ತೆಳು ತಂತಿ ಮೀಟಿದರು. ಸ್ವರ ತುಂಬಿ ಬಂದು ಇಳಿಯತೊಡಗಿತು. ತಮ್ಮ ಬೆರಳೆತ್ತಿದ. ಅವನಿಗೆ ಕೇಳಿಸಿದ್ದು ಸ್ವರ ನಿಂತದ್ದಷ್ಟೇ. ಅವನು ಗಾಜಿನಾಚೆ ನೋಡಿದ. ಕತ್ತರಿ ಅಡ್ಡಡ್ಡ ತಲೆಯಾಡಿಸಿದಳು.

ಮತ್ತೆ ಮೀಟಿದರು. ಮತ್ತೆ ಎತ್ತಿದ. ಮತ್ತೆ ಅಡ್ಡಡ್ಡ.

ಮೂರನೆಯ ಸಲ ಅವನು ಅವಸರ ಮಾಡಲಿಲ್ಲ. ಬೆರಳ ತುದಿಯಲ್ಲಿ ತಂತಿ ನಡುಗುತ್ತಿದ್ದದ್ದು ಅವನಿಗೆ ತಿಳಿಯುತ್ತಿತ್ತು. ಆ ನಡುಕ ಇನ್ನೇನು ಆರುವ ಹೊತ್ತಿಗೆ ಬೆರಳನ್ನು ಮೆಲ್ಲಗೆ ಎತ್ತಿ, ಕಣ್ಣು ಮುಚ್ಚದೆ, ಗಾಜಿನ ಕಡೆಗೇ ನೋಡುತ್ತಾ ಕೂತ.

ಕತ್ತರಿ ಕೈ ಎತ್ತಿದಳು.

ಅವನು ಬೆರಳನ್ನು ಮುಂದಿನ ಫ್ರೆಟ್ಟಿಗೆ ಸರಿಸಿದ.